ತತ್ತಿಯ ಸುತ್ತ ಬೂದಿ ಗೆರೆ

ನಮ್ಮ ಪ್ರೌಢಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಆ ವರ್ಷ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಪೇರಿಸಿಟ್ಟಿದ್ದರು. ಅದಕ್ಕೇ ನಾನು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಮೊದಲಿಗೆ ನನ್ನಲ್ಲಿ ಇದಕ್ಕಿಂತ ದೊಡ್ಡ ಆದರ್ಶವೇನೂ ಇರಲಿಲ್ಲ.

ಶಾಲೆ ಇರುವುದು ಶಿರಹಟ್ಟಿಯಿಂದ ಒಳಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ. ಹಿಂದಿನ ಕಾಂಪೌಂಡಿನ ಚಿಕ್ಕ ಗೇಟು ದಾಟಿದರೆ ಊರಿನ ಗೋಮಾಳ. ಕೆಂಪು ಗರಸು ನೆಲ, ಚೂರುಗಲ್ಲು, ಅಲ್ಲಲ್ಲಿ ಬಾರಿ ಹಣ್ಣಿನ ಮುಳ್ಳುಕಂಟಿ, ನಾಲ್ಕು ಬಂದರಿಕೆ ಗಿಡ, ಮೊಣಕಾಲಿಗೂ ಬಾರದ ಹುಲ್ಲು. ದೂರದಲ್ಲಿ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಗೋಮಾಳದಲ್ಲಿ ಏನಿದೆ ಎಂದು ಯಾರನ್ನಾದರೂ ಕೇಳಿದರೆ ಅವರು ಗುಡ್ಡದ ಕಡೆ ಕೈ ತೋರಿಸುತ್ತಾರೆ. ಕಾಲ ಕೆಳಗಿನ ನೆಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಡ್‌ಮಾಸ್ತರರೂ ಹಾಗೆಯೇ. "ಬಯಲಾಗ ನೋಡಾಕ ಏನ್ ಐತ್ರಿ ಟೀಚರ್? ಗುಡ್ಡಕ್ಕ ಒಂದ್ ಟ್ರಿಪ್ ಮಾಡ್ರಿ. ಫೋಟೋನೂ ಚಂದ ಬರ್ತಾವು."

"ಗುಡ್ಡಕ್ಕ ವರ್ಷಕ್ಕೊಮ್ಮೆ ಹೋಗಬಹುದ್ರಿ ಸರ್. ಇಲ್ಲಿಗೆ ವಾರವಾರ ಹೋಗಬಹುದು," ಎಂದೆ.

"ಹೋಗ್ರಿ ಹಂಗಾರ. ಬಿಸಲಾಗ ಯಾರರೆ ತಲಿ ತಿರುಗಿ ಬಿದ್ದರ ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ," ಎಂದು ನಕ್ಕರು. ಒಳ್ಳೆಯ ಮನುಷ್ಯ. ಸಹಿ ಹಾಕಿದರು.

ಶನಿವಾರ ಮುಂಜಾನೆಯ ಶಾಲೆ. ಪ್ರಾರ್ಥನೆ ಮುಗಿದ ಕೂಡಲೇ ಎಂಟನೆಯ ತರಗತಿಯವರನ್ನು ಹೊರಗೆ ಕರೆದೊಯ್ಯುತ್ತಿದ್ದೆ. ನಾಲ್ಕು ನಾಲ್ಕು ಜನರ ಗುಂಪು. ಪ್ರತಿ ಗುಂಪಿಗೆ ನಾಲ್ಕು ಬಿದಿರು ಗೂಟ, ಒಂದು ತೆಂಗಿನ ನಾರಿನ ಹಗ್ಗ. ಮೀಟರ್ ಉದ್ದ, ಮೀಟರ್ ಅಗಲದ ಚೌಕ ಕಟ್ಟಬೇಕು. ಹೊಟ್ಟೆ ಮೇಲೆ ಮಲಗಿ ಆ ಚೌಕದೊಳಗೆ ಇರುವುದನ್ನೆಲ್ಲ ಬರೆಯಬೇಕು. ಮುಂದಿನ ವಾರ ಮತ್ತದೇ ಚೌಕ. ಮೊದಲ ವಾರ ಎಲ್ಲ ಗುಂಪಿನವರೂ ಬರೆದದ್ದು ಒಂದೇ: ಹುಲ್ಲು ಐತಿ, ಕಲ್ಲು ಐತಿ. ನನಗೆ ಸಿಟ್ಟು ಬೇಗ ಬರುತ್ತದೆ. "ಕಣ್ಣು ಮನ್ಯಾಗ ಇಟ್ಟು ಬಂದೀರೇನು?" ಎಂದು ಗದರಿಸಿ ಮತ್ತೆ ಮಲಗಿಸಿದೆ. ನಾಲ್ಕನೆಯ ವಾರದ ಹೊತ್ತಿಗೆ ಹುಲ್ಲು ಒಂದೇ ಅಲ್ಲ, ಹಲವು ಎಂದು ಗೊತ್ತಾಯಿತು. ಕರಿಕಿ ಹುಲ್ಲು ಬೇರೆ, ಅದರ ನಡುವೆ ಹಬ್ಬಿದ ನೆಗ್ಗಿಲು ಮುಳ್ಳು ಬೇರೆ. ಇರುವೆ ಯಾವ ಕಡೆಯಿಂದ ಬಂತು, ಮೊಲದ ಹಿಕ್ಕೆ ಹಳೆಯದೋ ಹೊಸದೋ ಎಂದು ತಮ್ಮತಮ್ಮಲ್ಲೇ ಜಗಳ ಶುರುವಾಯಿತು. ಮಕ್ಕಳು ಜಗಳಾಡುತ್ತಿದ್ದಾರೆ ಎಂದರೆ ಪಾಠ ಹತ್ತಿತು ಎಂದೇ ಅರ್ಥ.

ಕೊನೆಯ ಹತ್ತು ನಿಮಿಷ ಸುಮ್ಮನೆ ಕೂರುವ ಪಾಠ. ಮಾತಿಲ್ಲ, ಬರಹವಿಲ್ಲ, ಬರೀ ನೋಡುವುದು. ಹುಡುಗರಿಗೆ ಇದರಷ್ಟು ಕಠಿಣ ಶಿಕ್ಷೆ ಇನ್ನೊಂದಿರಲಿಲ್ಲ. ಈ ಪಾಠದಲ್ಲಿ ಅಲುಗಾಡದೆ ಕೂರುತ್ತಿದ್ದವಳು ಒಬ್ಬಳೇ. ಒಂದು ಗುಂಪಿನ ನಾಯಕಿ, ಒಕ್ಕಲುತನದ ಮುಸ್ಲಿಂ ಮನೆತನದ ಹುಡುಗಿ. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಹೆದರುತ್ತಿದ್ದಳು. ಹೊರಗೆ ಬಂದರೆ ಅವಳ ಕಣ್ಣು ಬೇರೆ. ಫೆಬ್ರವರಿ ಮುಗಿಯುವ ಒಂದು ಶನಿವಾರ ನನ್ನ ಪಕ್ಕ ಕೂತಿದ್ದವಳು, ಕೈ ಎತ್ತದೆ, ತಲೆ ತಿರುಗಿಸದೆ ಪಿಸುಗುಟ್ಟಿದಳು.

"ಟೀಚರ್ರ, ಆ ಕಲ್ಲು ಉಸಿರಾಡಾಕತ್ತೈತಿ."

ನೋಡಿದೆ. ಕಲ್ಲೇ. ಇನ್ನೊಮ್ಮೆ ನೋಡಿದೆ. ಕಲ್ಲಿಗೆ ಕಪ್ಪು ಟೋಪಿ ಇತ್ತು, ಕೊಕ್ಕಿನ ಬುಡದಲ್ಲಿ ಹಳದಿ ಜೋಲು ಇತ್ತು. ಹಳದಿ ಟಿಟ್ಟಿಭ, ಮಕ್ಕಳ ಬಾಯಲ್ಲಿ ಟಿಟ್ಟಿ ಹಕ್ಕಿ. ಗೂಡು ಎನ್ನಲು ಅಲ್ಲಿ ಏನೂ ಇರುವುದಿಲ್ಲ. ನೆಲದಲ್ಲಿ ಬೊಗಸೆಗಿಂತ ಚಿಕ್ಕ ಗುಳಿ, ಸುತ್ತ ಚೂರುಗಲ್ಲು, ನಡುವೆ ಗರಸಿನದೇ ಬಣ್ಣದ, ಕಪ್ಪು ಮಚ್ಚೆಯ ತತ್ತಿಗಳು. ಎದುರಿಗೇ ಇಟ್ಟರೂ ಕಾಣದು. ಕಾಣದಿರುವುದೊಂದೇ ಆ ಹಕ್ಕಿಗಿರುವ ಕಾವಲು.

ಅಂದೇ ನಿಯಮ ಮಾಡಿದೆವು. ಬಾರಿ ಕಂಟಿಯಿಂದ ಆಚೆ ಹೆಜ್ಜೆ ಇಡಬಾರದು. ತತ್ತಿ ಮುಟ್ಟಬಾರದು. ಗುರುತಿಗೆ ಕಡ್ಡಿ ನೆಡಬಾರದು, ಬಟ್ಟೆ ಕಟ್ಟಬಾರದು. ಊರಲ್ಲಿ ಯಾರಿಗೂ ಹೇಳಬಾರದು. ಇದ್ದ ಒಂದೇ ದುರ್ಬೀನನ್ನು ಸರದಿಯ ಮೇಲೆ ನೋಡಬೇಕು. ಮುಂದಿನ ವಾರಗಳಲ್ಲಿ ಇನ್ನೂ ನಾಲ್ಕಾರು ಗೂಡು ಸಿಕ್ಕವು. ಬಹುಪಾಲು ಅವಳಿಗೇ ಸಿಕ್ಕವು. ಗಂಡು ಹೆಣ್ಣು ಪಾಳಿ ಬದಲಿಸುವುದನ್ನು ನೋಡಿದೆವು. ಬಿಸಿಲು ಏರಿದ ಮೇಲೆ ಒಂದು ಹಕ್ಕಿ ಶಾಲೆಯ ನಲ್ಲಿ ಸೋರುವ ಕಡೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ತತ್ತಿಯ ಮೇಲೆ ಕೂತಿತು. ನಲ್ಲಿ ರಿಪೇರಿಗೆ ಬಂದವನನ್ನು ಮಕ್ಕಳು ಅಡ್ಡಗಟ್ಟಿ, "ಈಗ ಬ್ಯಾಡ್ರಿ, ಪರೀಕ್ಷಿ ಮುಗದ ಮ್ಯಾಲ ಬರ್ರಿ," ಎಂದು ಕಳಿಸಿಬಿಟ್ಟರು.

ಈ ಹಕ್ಕಿಯ ಮರಿ ತತ್ತಿ ಒಡೆದ ದಿನವೇ ಓಡುತ್ತದೆ. ತಾಯಿ ಒಮ್ಮೆ ಕೂಗಿದರೆ ಓಡುತ್ತಿದ್ದ ಮರಿ ಅಲ್ಲೇ ನೆಲಕ್ಕೆ ಒರಗಿ ಕಲ್ಲಾಗಿಬಿಡುತ್ತದೆ. ಅದನ್ನು ನಾನು ಮಕ್ಕಳಿಗೆ ಹೇಳಿದ್ದೆ. ಹೇಳಿದಾಗ ಆ ಹುಡುಗಿಯ ಮುಖ ಅರಳಿದ್ದು ನೋಡಿ, ಇವಳಿಗೆ ಮರಿ ತೋರಿಸಲೇಬೇಕು ಎಂದುಕೊಂಡೆ. ಇಷ್ಟು ವರ್ಷ ಪಾಠ ಮಾಡಿದರೂ ನೋಡುವ ಕಣ್ಣಿನ ಒಂದು ಮಗು ಸಿಗುವುದು ಅಪರೂಪ. ಆ ಕಣ್ಣು ಮರಿಯನ್ನು ಒಮ್ಮೆ ಕಂಡರೆ ಮುಂದೆ ಜೀವಮಾನವೆಲ್ಲ ನೋಡುತ್ತದೆ ಎನ್ನುವುದು ನನ್ನ ನಂಬಿಕೆ. ನಾಲ್ಕು ವಾರ ಕಾವು. ವಾರ್ಷಿಕ ಪರೀಕ್ಷೆಯ ಒಳಗೇ ಮರಿಯಾಗುವ ಲೆಕ್ಕ. ಆ ವರ್ಷ ನಾನು ಬಯಸಿದ್ದು ಅಷ್ಟೇ.

ಹಿಂಗಾರಿ ಜೋಳದ ಕೊಯ್ಲು ಮುಗಿಯುತ್ತ ಬಂದಂತೆ ಕುರಿಗಳು ಬಂದವು. ಖಾಲಿ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬುವುದಕ್ಕೆ ಪ್ರತಿ ವರ್ಷ ಬರುವ ಕುರಿಗಾರ. ಹಗಲು ಗೋಮಾಳದಲ್ಲಿ ಮೇಯಿಸುತ್ತಾನೆ. ಒಂದು ಸೋಮವಾರ ನೋಡಿದರೆ ಶಾಲೆಗೆ ಹತ್ತಿರದ ಗೂಡು ತುಳಿತಕ್ಕೆ ಸಿಕ್ಕಿತ್ತು. ಗರಸಿನ ಮೇಲೆ ಹಳದಿ ಲೋಳೆ ಒಣಗಿತ್ತು, ಸುತ್ತ ಗೊರಸಿನ ಗುರುತು. ಹುಡುಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

"ಅವಾ ಬೇಕಂತ ತುಳಿಸಿಲ್ಲವ್ವಾ," ಎಂದೆ.

"ಹೌದ್ರಿ. ಅವಗ ಕಂಡಿಲ್ಲ," ಎಂದಳು. "ಕಂಡಿದ್ರ ಬಳಸಿ ಹೋಗ್ತಿದ್ದ."

ಮರುದಿನದಿಂದ ನನಗೆ ಗದಗದಲ್ಲಿ ತರಬೇತಿ. ನಾನಿರುವುದು ಗದಗಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ, ದಿನಾ ಬಸ್ಸಿಗೆ ಓಡುವುದು ತಪ್ಪಿತಲ್ಲ ಎಂದು ಖುಷಿಯಾಗಿಯೇ ಹೋದೆ. ಕುರ್ಚಿಯಲ್ಲಿ ಕೂತು, ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸದೆ ಕಲಿಸುವುದು ಹೇಗೆ ಎನ್ನುವ ಭಾಷಣ ಕೇಳಿದೆ.

ಮುಂದಿನ ಸೋಮವಾರ ಶಾಲೆಗೆ ಬಂದಾಗ ಮಕ್ಕಳು ಗೇಟಿನಲ್ಲೇ ಕಾಯುತ್ತಿದ್ದರು. ಮುಖದ ತುಂಬ ಗುಟ್ಟು. "ಬರ್ರಿ ಟೀಚರ್ರ, ಜಲ್ದಿ ಬರ್ರಿ," ಎಂದು ಎಳೆದುಕೊಂಡು ಹೋದರು. ಗೋಮಾಳದಲ್ಲಿ ಬಾರಿ ಕಂಟಿಯ ಹತ್ತಿರ ನಿಂತು ನೋಡಿದೆ. ಕೆಂಪು ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಬೆಳ್ಳಗಿನ ದುಂಡು ಗೆರೆ. ಪ್ರತಿ ಗೆರೆಯ ನಡುವೆ ಒಂದು ಟಿಟ್ಟಿ ಹಕ್ಕಿ ಕೂತಿತ್ತು.

"ಇದೇನಿದು?"

ಹುಡುಗಿ ಮುಂದೆ ಬಂದಳು. "ಬೂದಿ ಗೆರಿ ರೀ. ಕಣದಾಗ ನಮ್ಮ ದಾದಾ ರಾಶಿ ಸುತ್ತ ಹಾಕ್ತಾನಲ್ರಿ, ಹಂಗ. ಒಮ್ಮೆ ಗೆರಿ ಹಾಕಿದ್ರ ಆತು, ಯಾರೂ ದಾಟಂಗಿಲ್ಲ. ಅದಕ್ಕ ಇವಕ್ಕೂ ಹಾಕೇವ್ರಿ. ಕಡ್ಡಿ ನೆಟ್ಟಿಲ್ರಿ. ತತ್ತಿ ಮುಟ್ಟಿಲ್ಲ. ಹಕ್ಕಿ ನೀರಿಗೆ ಹೋದಾಗ ಅಷ್ಟ ಹೋಗಿ ಹಾಕಿ ಬಂದೇವಿ."

ದಾದಾ ಎಂದರೆ ಅವಳ ಅಪ್ಪನ ಅಪ್ಪ. ಈಗ ಜೋಳವನ್ನು ಮಷೀನು ಒಕ್ಕುತ್ತದೆ, ಆದರೂ ನಮ್ಮ ಕಡೆ ರಾಶಿ ಬಿದ್ದ ಮೇಲೆ ಸುತ್ತ ಬೂದಿಯ ಗೆರೆ ಎಳೆಯುವುದು ಹಲವು ಮನೆಗಳಲ್ಲಿ ಬಿಟ್ಟಿಲ್ಲ. ರಾಶಿಗೆ ಕಣ್ಣು ಬೀಳಬಾರದು, ಯಾರೂ ತುಳಿಯಬಾರದು, ಹುಲುಸು ಹೋಗಬಾರದು ಎಂದು. ಒಲೆಯ ಬೂದಿಯನ್ನು ಈ ಮಕ್ಕಳು ಮನೆಯಿಂದ ಡಬ್ಬಿಯಲ್ಲಿ ಹೊತ್ತು ತಂದಿದ್ದರು. ಕಂಟಿ ದಾಟಿದ್ದೊಂದು ಬಿಟ್ಟರೆ ನಮ್ಮ ನಿಯಮ ಯಾವುದನ್ನೂ ಮುರಿದಿರಲಿಲ್ಲ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಕುರಿಗಾರ ದೂರದಿಂದಲೇ ಕೂಗಿದ: "ಗೆರಿ ಕಂಡಕೂಡ್ಲೇ ಬಳಸಿ ಹೊಂಟೇನ್ರಿ ಅಕ್ಕಾರ! ಹುಡುಗೂರು ಭಾಳ ಶಾಣೇರದಾರ!" ಮಕ್ಕಳು ನನ್ನ ಮುಖ ನೋಡಿದರು. "ಭೇಷ್," ಎಂದೆ. ಬಾಯಿ ತುಂಬ ಅಂದೆ.

ಎರಡು ದಿನ ಕಳೆದಿರಲಿಲ್ಲ, ಒಂದು ಗೂಡು ಖಾಲಿ. ಮಾರನೆಯ ದಿನ ಇನ್ನೊಂದು. ಆಮೇಲೆ ಮತ್ತೊಂದು. ಒಡೆದ ಸಿಪ್ಪೆಯ ಚೂರು, ಒಂದೆರಡು ಹನಿ ಲೋಳೆ, ಅಷ್ಟೇ. ಮೇಲೆ ಎರಡೂ ಹಕ್ಕಿ ಸುತ್ತು ಹೊಡೆಯುತ್ತ ಕೂಗುತ್ತಿದ್ದವು. ತರಗತಿಯೊಳಗೆ ಕೂತರೂ ಆ ಕೂಗು ಕಿವಿಗೆ ಬೀಳುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕಿಟಕಿಯ ಕಡೆ ತಿರುಗುತ್ತಿದ್ದರು, ನಾನು ಗದರಿಸಲಿಲ್ಲ.

ಯಾರು ತಿಂದರು? ಹುಡುಗರು ತಡಮಾಡದೆ ತೀರ್ಪು ಕೊಟ್ಟರು: ಕುರಿಗಾರನ ನಾಯಿ. ಅದು ಗೋಮಾಳದಲ್ಲಿ ಓಡಾಡುವುದನ್ನು ಎಲ್ಲರೂ ನೋಡಿದ್ದರು. ಮಾತು ಮನೆಗೆ ಹೋಯಿತು, ಮನೆಯಿಂದ ಕಟ್ಟೆಗೆ ಹೋಯಿತು. ಮಕ್ಕಳು ಊಟ ಬಿಟ್ಟು ಅಳುತ್ತಾರೆ ಎಂದು ಅಪ್ಪಂದಿರು ಕುರಿಗಾರನನ್ನು ತರಾಟೆಗೆ ತೆಗೆದುಕೊಂಡರು. ಗೋಮಾಳದಲ್ಲಿ ಕಾಲಿಡಬೇಡ ಎಂದರು. ಅವನು ಮಧ್ಯಾಹ್ನ ಶಾಲೆಗೆ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತ.

"ಅಕ್ಕಾರ, ನನ್ನ ನಾಯಿ ತತ್ತಿ ಮುಟ್ಟಂಗಿಲ್ರಿ. ಮುಟ್ಟಿದ್ರ ನಾನ ಹೇಳ್ತಿದ್ದೆ. ಆ ಹುಡುಗೂರ ಮುಂದ ನಾ ಸುಳ್ಳ ಯಾಕ ಹೇಳಲಿ?"

"ನಾ ನೋಡ್ತೀನಿ. ನೋಡಿ ಹೇಳ್ತೀನಿ," ಎಂದೆ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಒಬ್ಬಳೇ ಹೋದೆ. ಖಾಲಿಯಾದ ಗೂಡುಗಳ ಪಕ್ಕ ಮೊಣಕಾಲೂರಿ ಕೂತು ಸುತ್ತಲೂ ನೋಡಿದೆ. ನಾಯಿಯ ಹೆಜ್ಜೆ ಹುಡುಕುತ್ತಿದ್ದೆ. ಮುಂಗುಸಿಯದೋ ಹಾವಿನದೋ ಗುರುತು ಹುಡುಕುತ್ತಿದ್ದೆ. ಒಂದೂ ಇರಲಿಲ್ಲ. ಮೂರನೆಯ ಗೂಡಿಗೆ ಬಂದಾಗ ಹೊಳೆಯಿತು. ಬೂದಿಯ ಗೆರೆ ಎಲ್ಲಿಯೂ ಒಡೆದಿರಲಿಲ್ಲ. ಬೆರಳು ಸೋಕಿದರೂ ಗುರುತು ಬೀಳುವಷ್ಟು ನುಣ್ಣನೆಯ ಬೂದಿ, ಎಳೆದಾಗ ಹೇಗಿತ್ತೋ ಹಾಗೆಯೇ ಇತ್ತು. ನೆಲದ ಮೇಲೆ ನಡೆದು ಬಂದ ಯಾವ ಪ್ರಾಣಿಯೂ ಅದನ್ನು ದಾಟಿರಲಿಲ್ಲ. ತಿಂದದ್ದು ಮೇಲಿನಿಂದ ಇಳಿದಿತ್ತು.

ತಲೆಯೆತ್ತಿ ನೋಡಿದೆ. ಬಿಸಿಯೂಟದ ಅಡುಗೆ ಮನೆಯ ಮಾಡಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಹಳ್ಳಿಯ ಕಾಗೆಗೆ ಬೂದಿ ಚೆನ್ನಾಗಿ ಗೊತ್ತು. ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ಬೂದಿ ಇರುತ್ತದೆ, ಬೂದಿ ಇದ್ದಲ್ಲಿ ಅನ್ನದ ಅಗುಳು ಇರುತ್ತದೆ. ಎಂದೂ ಕಾಣದಿದ್ದ ತತ್ತಿಗಳ ಸುತ್ತ ನಮ್ಮ ಮಕ್ಕಳು ಎಷ್ಟೋ ದೂರದಿಂದ ಕಾಣುವಂತೆ ಬಿಳಿಯ ಗೆರೆ ಎಳೆದಿದ್ದರು. ಕುರಿಗಾರ ಆ ಗೆರೆಗೆ ಮರ್ಯಾದೆ ಕೊಟ್ಟಿದ್ದ. ಅವನ ನಾಯಿಯೂ ದಾಟಿರಲಿಲ್ಲ. ಕಾಗೆಗೆ ಅದು ಎಲೆ ಹಾಕಿ ಕರೆದಂತೆ ಕಂಡಿತ್ತು.

ಆಗಿನ್ನೂ ಎರಡು ಗೂಡು ಉಳಿದಿದ್ದವು. ಬಂದರಿಕೆಯ ಟೊಂಗೆ ಮುರಿದುಕೊಂಡು, ಹಕ್ಕಿಗಳು ತಲೆಯ ಮೇಲೆ ಕೂಗುತ್ತಿದ್ದರೂ, ಎರಡೂ ಗೆರೆಗಳನ್ನು ಗುಡಿಸಿ ಮಣ್ಣೆಳೆದೆ. ಕೊನೆಯ ಬಸ್ಸು ತಪ್ಪುತ್ತಿತ್ತು, ಓಡಿದೆ.

ಮರುದಿನ ಮುಂಜಾನೆ ಗೇಟಿನಲ್ಲಿ ಹುಡುಗಿ ಸಿಕ್ಕಳು. ಕೈಯಲ್ಲಿ ಖಾಲಿ ಬುಟ್ಟಿ, ಯೂನಿಫಾರ್ಮಿನ ತುಂಬ ಬೂದಿ.

"ರಾತ್ರಿ ಗಾಳಿಗೆ ಗೆರಿ ಹಾರಿ ಹೋಗಿತ್ರಿ ಟೀಚರ್ರ. ಮುಂಜಾನಿ ಎದ್ದ ಕೂಡ್ಲೇ ಬಂದು ಮತ್ತ ಹಾಕೀನಿ. ಈ ಸಲ ಅಗಲ ಹಾಕೀನ್ರಿ," ಎಂದಳು. ಮುಖದಲ್ಲಿ ಸಮಾಧಾನ.

ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಅದು ಮುಗಿದು ನಾನು ಓಡಿಹೋಗುವಷ್ಟರಲ್ಲಿ ಎರಡರಲ್ಲಿ ಒಂದು ಗೂಡು ಬರಿದಾಗಿತ್ತು. ಹೊಸ ಬೂದಿಯ ಅಗಲವಾದ ಗೆರೆಯ ನಡುವೆ ಒದ್ದೆ ಸಿಪ್ಪೆ ಇತ್ತು. ಉಳಿದ ಒಂದರ ಗೆರೆಯನ್ನು ಕಾಲಿನಿಂದಲೇ ಅಳಿಸಿದೆ.

ಆ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಮಗ್ಗದ ವ್ಯಾಪಾರದವರು, ಹಕ್ಕಿಯ ಗೊಡವೆ ಇಲ್ಲ. ಆದರೂ ಕಪ್ಪು ಕೆಳಗಿಟ್ಟು ಕೇಳಿದರು. "ಹುಡುಗೂರಿಗೆ ಕಾಗಿ ತಿಂತು ಅಂತ ಹೇಳು, ಸಾಕು. ಅದು ಸುಳ್ಳೇನಲ್ಲಲ್ಲಾ? ಗೆರಿ ವಿಚಾರ ಯಾಕ ತಗೀತಿ? ಜೀವ ಹೋದಂಗ ಆಗ್ತೈತಿ ಅವಕ್ಕ."

ಅವರ ಮಾತು ಸರಿಯೆನಿಸಿತು. ಬಹಳ ಸರಿಯೆನಿಸಿತು. ಕಾಗೆ ತಿಂದಿತು ಎಂದರೆ ಕುರಿಗಾರನೂ ಬಚಾವು, ಮಕ್ಕಳೂ ಬಚಾವು. ಕಾಗೆಯನ್ನು ಬೈದುಕೊಂಡು ಬೇಸಿಗೆ ರಜೆಗೆ ಹೋಗುತ್ತಾರೆ. ಆದರೆ ಕೊನೆಯ ಗೂಡಿಗೆ ಬೆಳಗಾಗುವುದರೊಳಗೆ ಅವಳು ಮತ್ತೆ ಗೆರೆ ಎಳೆಯುತ್ತಾಳೆ. ಮುಂದಿನ ವರ್ಷವೂ ಎಳೆಯುತ್ತಾಳೆ. ಎಳೆಯಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಕೇಳುವುದನ್ನು ಕಲಿಸಿದವಳು ನಾನೇ. ಬಲಗೈಯಿಂದ ನೋಡುವುದನ್ನು ಕಲಿಸಿ ಎಡಗೈಯಿಂದ ಕಣ್ಣು ಮುಚ್ಚಲು ನನ್ನಿಂದ ಆಗಲಿಲ್ಲ. ಹೇಳಬೇಕು, ಹೇಳುವುದಕ್ಕಿಂತ ಅವರೇ ನೋಡಬೇಕು ಎಂದು ನಿರ್ಧರಿಸಿದೆ. ಈ ನಿರ್ಧಾರದ ಬಗ್ಗೆ ಇವತ್ತಿಗೂ ನನಗೆ ನೆಮ್ಮದಿಯಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಹುಡುಗಿ ಬುಟ್ಟಿ ಹಿಡಿದು ಬರುವ ಮೊದಲೇ ಗೇಟಿನಲ್ಲಿ ನಿಂತೆ. "ಇವತ್ತು ಬೂದಿ ಬೇರೆ ಕಡೆ ಹಾಕೋಣು," ಎಂದೆ. ಕೊನೆಯ ಗೂಡಿನಿಂದ ಬಹಳ ದೂರ, ಗೋಮಾಳದ ಇನ್ನೊಂದು ಮೂಲೆಯಲ್ಲಿ, ಏನೂ ಇಲ್ಲದ ನೆಲದ ಮೇಲೆ ಅವಳ ಕೈಯಿಂದಲೇ ಮೂರು ಗೆರೆ ಹಾಕಿಸಿದೆ. ಉಳಿದ ಮಕ್ಕಳು ಬಂದ ಮೇಲೆ ಎಲ್ಲರನ್ನೂ ಕಾಂಪೌಂಡಿನ ಒಳಗೆ ಕರೆದುಕೊಂಡೆ. ಗೋಡೆಯ ಬಿರುಕಿನಲ್ಲಿ ಕಣ್ಣಿಟ್ಟು ಸುಮ್ಮನೆ ಕೂರಬೇಕು. ಇದೂ ಒಂದು ಪ್ರಯೋಗ ಎಂದೆ. ಏನಾಗುತ್ತದೆ ಎಂದು ಯಾರೂ ಊಹೆ ಹೇಳಬಾರದು ಎಂದೆ. ದುರ್ಬೀನನ್ನು ಅವಳ ಕೈಗೆ ಕೊಟ್ಟೆ.

ಬಹಳ ಕಾಯಬೇಕಾಗಲಿಲ್ಲ. ಅಡುಗೆ ಮನೆಯ ಮಾಡಿನಿಂದ ಒಂದು ಕಾಗೆ ಎದ್ದು, ಗೋಮಾಳದ ಮೇಲೆ ಒಂದು ಸುತ್ತು ಬಂದು, ನೇರವಾಗಿ ಮೊದಲ ಗೆರೆಯ ಪಕ್ಕ ಇಳಿಯಿತು. ಕತ್ತು ಓರೆ ಮಾಡಿ ನೋಡಿತು. ಒಂದು ಜಿಗಿತಕ್ಕೆ ಗೆರೆಯ ಒಳಗೆ. ಅಲ್ಲಿ ಕಲ್ಲು ಮಗುಚಿ ಹಾಕಿತು, ನೆಲ ಕುಕ್ಕಿತು. ಏನೂ ಸಿಗಲಿಲ್ಲ. ಎದ್ದು ಎರಡನೆಯ ಗೆರೆಗೆ ಹೋಯಿತು. ಅಷ್ಟರಲ್ಲಿ ಇನ್ನೊಂದು ಕಾಗೆ ಮೂರನೆಯದರಲ್ಲಿ ಇಳಿದಿತ್ತು. ಹಿಂದೆ ಕೂತಿದ್ದ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಪಕ್ಕದವನು ಅವನ ತೊಡೆಗೆ ಹೊಡೆದ. ಆಮೇಲೆ ಯಾರೂ ನಗಲಿಲ್ಲ.

ಹುಡುಗಿ ದುರ್ಬೀನು ಇಳಿಸಿದಳು.

"ಅಲ್ಲಿ ತತ್ತಿ ಇಲ್ಲಲ್ರಿ."

"ಇಲ್ಲ."

"ಮತ್ತ ಯಾಕ ಬಂದ್ವು?" ಎಂದಳು. ಅವಳ ಮುಖ ಬಣ್ಣಗೆಡುವುದನ್ನು ನೋಡುತ್ತ ಕೂತೆ. "ಗೆರಿ ನೋಡಿ ಬಂದಾವ," ಎಂದು ಅವಳೇ ಹೇಳಿದಳು. ಆಮೇಲೆ, "ಹಂಗಾರ ನಾವ ತೋರಿಸಿಕೊಟ್ಟಂಗ ಆತು."

"ನಿಮಗ ಗೊತ್ತಿರಲಿಲ್ಲವ್ವಾ. ನನಗೂ ಗೊತ್ತಿರಲಿಲ್ಲ. ನೀವು ಹಾಕಿದ್ದನ್ನ ನೋಡಿ ನಾನೂ ಭೇಷ್ ಅಂದೀನಲ್ಲ?"

ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಗೆರಿ ಹಾಕದ ಇದ್ರ ಮರಿ ಆಗ್ತಿದ್ವೇನ್ರಿ?"

ಒಂದು ಸುಳ್ಳು ಹೇಳಲು ನನಗೆ ಅಷ್ಟು ಆಸೆ ಎಂದೂ ಆಗಿರಲಿಲ್ಲ. "ಎಲ್ಲಾ ಆಗ್ತಿರಲಿಲ್ಲ. ಒಂದಿಷ್ಟು ಆಗ್ತಿದ್ದವು," ಎಂದೆ.

ಅವಳು ಅಳಲಿಲ್ಲ. ಬೇರೆ ಹುಡುಗಿಯರು ಅತ್ತರು, ನಕ್ಕಿದ್ದ ಹುಡುಗನೂ ಅತ್ತ. ಇವಳು ಗೇಟು ದಾಟಿ ಹೋಗಿ ಆ ಮೂರು ಖಾಲಿ ಗೆರೆಗಳನ್ನು ಕೈಯಿಂದ ಅಳಿಸಿದಳು. ಆಮೇಲೆ ಬರಿದಾದ ಗೂಡುಗಳ ಗೆರೆಗಳನ್ನೂ ಒಂದೊಂದಾಗಿ ಅಳಿಸಿದಳು. ಅಲ್ಲಿ ಇನ್ನು ಏನೂ ಇಲ್ಲ, ಬಿಡು ಎಂದೆ. ಬಿಡಲಿಲ್ಲ. ಕೊನೆಯ ಗೂಡಿನ ಹತ್ತಿರ ಮಾತ್ರ ಹೋಗಲಿಲ್ಲ. ಅದಕ್ಕೆ ನಾವು ಮಾಡಬಹುದಾದದ್ದು ಒಂದೇ ಉಳಿದಿತ್ತು, ಅಲ್ಲಿಂದ ದೂರ ಹೋಗುವುದು. ಎಲ್ಲರೂ ಒಳಗೆ ಬಂದೆವು. ಚಿಕ್ಕ ಗೇಟಿಗೆ ಚಿಲಕ ಹಾಕಿದೆವು.

ಅಂದೇ ಮಧ್ಯಾಹ್ನ ಅವಳು ಕುರಿಗಾರನಿಗೆ ತಪ್ಪಾಯಿತೆಂದು ಹೇಳಬೇಕು ಎಂದಳು. ನಾನೂ ಅವಳ ಜೊತೆ ಹೊಲದ ಕಡೆ ಹೋದೆ. ಕುರಿ ತರುಬಿದ ಜಾಗದಲ್ಲಿ ಹಿಕ್ಕೆಯಷ್ಟೇ ಇತ್ತು. ಹಿಂದಿನ ಸಂಜೆಯೇ ಕುರಿ ಹೊಡೆದುಕೊಂಡು ಹೊಳೆಯ ಕಡೆ, ಹಮ್ಮಿಗಿಯ ದಿಕ್ಕಿಗೆ ಹೊರಟುಹೋದ ಎಂದು ಹೊಲದವರು ಹೇಳಿದರು. "ಇನ್ನ ಈ ಊರಿಗೆ ಬರಂಗಿಲ್ಲ ಅಂದ," ಎಂದೂ ಹೇಳಿದರು. ನಾಯಿಯ ತಪ್ಪಿಲ್ಲ ಎಂದು ಅಪ್ಪಂದಿರಿಗೆ ನಾನು ಹೇಳಿದೆ. ಅವರು, "ಹೋಗ್ಲಿ ಬಿಡ್ರಿ ಟೀಚರ್, ಆಗಿದ್ದು ಆಗಿಹೋತು," ಎಂದರು. ನಾಯಿಯನ್ನು ಬೈದಷ್ಟು ಜೋರಾಗಿ ಯಾರೂ ಆ ಮಾತನ್ನು ಆಡಲಿಲ್ಲ.

ಕೊನೆಯ ಗೂಡು ವಾರದ ತನಕ ಉಳಿಯಿತು. ಕಾಗೆಗಳಿಗೆ ಜಾಗ ಗೊತ್ತಾಗಿಬಿಟ್ಟಿತ್ತು, ಗೆರೆಯ ಹಂಗು ಅವಕ್ಕೆ ಇನ್ನಿರಲಿಲ್ಲ. ಒಂದು ಬೆಳಿಗ್ಗೆ ದುರ್ಬೀನಿನಲ್ಲಿ ನೋಡಿದಾಗ ಅಲ್ಲಿ ಕಲ್ಲುಗಳಿದ್ದವು, ಉಸಿರಾಡುವುದು ಒಂದೂ ಇರಲಿಲ್ಲ. ಅವತ್ತು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಬೆಟಗೇರಿಯ ತನಕ ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಮನೆಯಲ್ಲಿ ಯಾರಿಗೇನಾಯಿತು ಎಂದು ವಿಚಾರಿಸಿದಳು.

ಪರೀಕ್ಷೆಯಾಯಿತು, ರಜೆಯಾಯಿತು. ರಜೆಯ ನಂತರ ಶಾಲೆ ಶುರುವಾದಾಗ ಆ ಮಕ್ಕಳು ಒಂಬತ್ತನೆಯ ತರಗತಿಯಲ್ಲಿದ್ದರು. ಎರಡು ಮಳೆ ಬಿದ್ದು ಗೋಮಾಳ ಹಸಿರಾಗಿತ್ತು. ಶನಿವಾರದ ಪಾಠ ನಾನು ಬಿಡಲಿಲ್ಲ. ಹೊಸ ಎಂಟನೆಯವರಿಗೆ ಚೌಕ ಕಟ್ಟುವುದನ್ನು ಕಲಿಸುತ್ತಿದ್ದೆ. ಗೂಡು ಸಿಕ್ಕರೆ ಏನೇನು ಮಾಡಬಾರದು ಎಂಬುದರಲ್ಲಿ ಒಂದು ಸಾಲು ಹೆಚ್ಚಾಗಿತ್ತು.

ಒಂದು ದಿನ ಬಿಡುವಿನ ವೇಳೆಯಲ್ಲಿ ಗೇಟಿನ ಹತ್ತಿರ ನಿಂತಿದ್ದಾಗ ಟಿಟ್ಟಿ ಹಕ್ಕಿಯ ಕೂಗು ಕೇಳಿತು. ದುರ್ಬೀನು ಹಿಡಿದೆ. ನಮಗೆ ಯಾರಿಗೂ ಗೊತ್ತಿಲ್ಲದ ಯಾವುದೋ ಮೂಲೆಯಲ್ಲಿ, ನಾವಿಲ್ಲದ ರಜೆಯಲ್ಲಿ, ಒಂದು ಜೋಡಿ ಮತ್ತೆ ತತ್ತಿ ಇಟ್ಟು ಕಾವು ಕೂತಿರಬೇಕು. ಕಡ್ಡಿಕಾಲಿನ ಎರಡು ಮರಿಗಳು ಹುಲ್ಲಿನಲ್ಲಿ ಓಡುತ್ತಿದ್ದವು. ತಾಯಿ ಕೂಗಿದ ಕೂಡಲೇ ಎರಡೂ ನೆಲಕ್ಕೆ ಒರಗಿದವು. ಕಣ್ಣೆದುರಿಗೇ ಇಲ್ಲವಾದವು. ಮೈದಾನದ ಆಚೆ, ನಲ್ಲಿಯ ಹತ್ತಿರ ಆ ಹುಡುಗಿ ಇದ್ದಳು. ಹೆಸರು ಹಿಡಿದು ಕೂಗಿದೆ. ಬಂದಳು.

"ಮರಿ ಆಗ್ಯಾವ! ಎರಡು! ತಗೋ, ನೋಡು," ಎಂದು ದುರ್ಬೀನನ್ನು ಮುಂದೆ ಹಿಡಿದೆ.

ಅವಳ ಕಣ್ಣಿನಲ್ಲಿ ಒಂದು ಗಳಿಗೆ ಹಳೆಯ ಬೆಳಕು ಬಂತು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದಾವಲ್ರಿ? ಸಾಕು ಬಿಡ್ರಿ."

"ಒಂದ ಸಲ ನೋಡವ್ವಾ. ಇಲ್ಲಿಂದನ. ದೂರದಿಂದನ."

"ನಾ ಒಲ್ಲೆ ರೀ," ಎಂದಳು. ಗೋಮಾಳಕ್ಕೆ ಬೆನ್ನು ತಿರುಗಿಸಿ, ಅಡುಗೆ ಮನೆಯ ಮಾಡಿನ ಕಡೆ ನೋಡುತ್ತ ನಿಂತಳು. ಆಮೇಲೆ, ನನಗೆ ಬುದ್ಧಿ ಹೇಳುವ ದನಿಯಲ್ಲಲ್ಲ, ಬೇಡಿಕೊಳ್ಳುವ ದನಿಯಲ್ಲಿ ಅಂದಳು. "ನೀವೂ ಬರ್ರಿ ಟೀಚರ್ರ. ಭಾಳ ಹೊತ್ತು ಅತ್ಲಾಗ ನೋಡಬ್ಯಾಡ್ರಿ. ನೀವು ಎಲ್ಲಿ ನೋಡ್ತೀರಿ ಅನ್ನೂದನ್ನ ಕಾಗಿ ನೋಡಾಕತ್ತಾವು."

ದುರ್ಬೀನನ್ನು ಚೀಲದಲ್ಲಿ ಹಾಕಿಕೊಂಡೆ. ಹಿಂದೆ ಹಕ್ಕಿ ಇನ್ನೂ ಕೂಗುತ್ತಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ತಿರುಗಿ ನೋಡದೆ ತರಗತಿಗೆ ಹೋದೆವು.